ಪ್ರಬಂಧ ಸಿಕ್ಕಿತು, ದತ್ತಾಂಶ ಎಲ್ಲಿ?

ಪಿಎಚ್.ಡಿ. ಮುಗಿದ ಮೇಲೆ ಮಹಾಪ್ರಬಂಧ ಶೋಧಗಂಗಾ ಎಂಬ ಆನ್‌ಲೈನ್ ಭಂಡಾರ ಸೇರುತ್ತದೆ. ಅದಕ್ಕಾಗಿ ಊರೂರು ಅಲೆದು ಕಲೆಹಾಕಿದ ರೀಡಿಂಗುಗಳು ಮಾತ್ರ ಯಾವುದೋ ಲ್ಯಾಪ್‌ಟಾಪಿನಲ್ಲೋ ಡ್ರಾಯರಿನ ಪೆನ್‌ಡ್ರೈವಿನಲ್ಲೋ ಉಳಿದುಬಿಡುತ್ತವೆ. ಪಿಡಿಎಫ್‌ನಲ್ಲಿರುವ ಸರಾಸರಿಗಳ ಕೋಷ್ಟಕ ಹಿಡಿದುಕೊಂಡು ಇನ್ನೊಬ್ಬರು ಹೊಸ ಲೆಕ್ಕ ಹಾಕಲಾರರು. ಜರ್ನಲ್ ಪ್ರಬಂಧಗಳಲ್ಲಿ ‘ಕೇಳಿದವರಿಗೆ ಕೊಡುತ್ತೇವೆ’ ಎಂದು ಬರೆಯುವುದುಂಟು, ಆದರೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ. 2ರಿಂದ 22 ವರ್ಷ ಹಳೆಯದಾದ 516 ಪ್ರಬಂಧಗಳ ದತ್ತಾಂಶವನ್ನು ತಂಡವೊಂದು ಲೇಖಕರಲ್ಲಿ ಕೇಳಿ ನೋಡಿತ್ತು. ಪ್ರಬಂಧಕ್ಕೆ ಒಂದೊಂದು ವರ್ಷ ವಯಸ್ಸಾದಂತೆ ಅದರ ದತ್ತಾಂಶ ಉಳಿದಿರುವ ಸಂಭವ ಶೇ 17ರಷ್ಟು ಇಳಿಯುತ್ತದೆ ಎಂದು 2014ರಲ್ಲಿ ‘ಕರೆಂಟ್ ಬಯಾಲಜಿ’ ಪತ್ರಿಕೆಯಲ್ಲಿ ಬಂತು.

ಇದಕ್ಕೆ ಪರಿಹಾರ ದುಬಾರಿಯೇನಲ್ಲ. ಕೋಲಾರ ಜಿಲ್ಲೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ನೀವು ಅಳೆದಿದ್ದೀರಿ ಎಂದುಕೊಳ್ಳೋಣ. ಆ ಶೀಟನ್ನೇ ಮುಂದಿಟ್ಟುಕೊಂಡು ಹೊರಡೋಣ.

ಮೊದಲು ಶೀಟ್ ಹಸನು ಮಾಡಿ

ಮೂಲ ಕಡತವನ್ನು ಮುಟ್ಟದೆ ಒಂದು ಪ್ರತಿ ಮಾಡಿಕೊಳ್ಳಿ. ಒಂದು ಸಾಲಿಗೆ ಒಂದು ಸ್ಯಾಂಪಲ್, ಒಂದು ಕಾಲಂಗೆ ಒಂದೇ ಸಂಗತಿ. ಒಗ್ಗೂಡಿಸಿದ ಕೋಶಗಳನ್ನು ಬಿಡಿಸಿ. ಲೀಟರಿಗೆ 1.5 ಮಿ.ಗ್ರಾಂ. ಮಿತಿ ದಾಟಿದ ಬಾವಿಗಳಿಗೆ ಕೆಂಪು ಬಣ್ಣ ಬಳಿದಿದ್ದರೆ ಆ ಮಾಹಿತಿಗೆ ಬೇರೆ ಕಾಲಂ ಮಾಡಿ. ಸಿಎಸ್‌ವಿಯಾಗಿ ಉಳಿಸಿದೊಡನೆ ಬಣ್ಣ ಹೊರಟುಹೋಗುತ್ತದೆ.

ದಿನಾಂಕವನ್ನು 2023-04-03 ಎಂಬಂತೆ ವರ್ಷ, ತಿಂಗಳು, ದಿನದ ಕ್ರಮದಲ್ಲೇ ಬರೆಯಿರಿ. 03-04-2023 ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4. ಮುಂಗಾರಿಗೆ ಮುಂಚಿನ ನೀರು ಯಾವುದು, ನಂತರದ್ದು ಯಾವುದು ಎಂದು ಹೋಲಿಸುವಾಗ ಇಂಥ ಗೊಂದಲ ಇಡೀ ಲೆಕ್ಕವನ್ನು ತಲೆಕೆಳಗು ಮಾಡಬಲ್ಲದು. ಎಕ್ಸೆಲ್‌ನ ಇನ್ನೊಂದು ಕಾಟ: ಸರ್ವೆ ನಂಬರ್ 12/3 ಎಂದು ಟೈಪಿಸಿದರೆ ಅದು ತಾನೇ ‘12-ಮಾರ್ಚ್’ ಮಾಡಿಡುತ್ತದೆ. ಆ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಎಂದು ಗುರುತಿಸಿಡಿ. ಜೀವವಿಜ್ಞಾನಿಗಳಿಗೆ ಈ ಕಾಟ ಎಷ್ಟಾಯಿತೆಂದರೆ, ‘ಸೆಪ್ಟ್1’ನಂಥ ಜೀನುಗಳು ತಾರೀಖಾಗುವುದನ್ನು ತಪ್ಪಿಸಲು ಕೊನೆಗೆ ಜೀನುಗಳ ಹೆಸರನ್ನೇ ಬದಲಿಸಬೇಕಾಯಿತು. ಆಗ ಎಕ್ಸೆಲ್ ಮಣಿಯಲಿಲ್ಲ, ವಿಜ್ಞಾನ ಮಣಿಯಿತು.

ಊರುಗಳ ಹೆಸರನ್ನು ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಿಸಿದ್ದರೆ ಯೂನಿಕೋಡ್‌ಗೆ ಪರಿವರ್ತಿಸಿ. ಇಲ್ಲದಿದ್ದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಮುಳಬಾಗಿಲು ಎಂಬುದು ಅರ್ಥವಿಲ್ಲದ ಅಕ್ಷರಗಳ ಸರವಾಗಿ ಕಾಣುತ್ತದೆ. ಉಳಿಸುವಾಗ ‘ಸಿಎಸ್‌ವಿ ಯುಟಿಎಫ್-8’ ಆಯ್ಕೆಯನ್ನೇ ಒತ್ತಿ. ಬರೀ ಸಿಎಸ್‌ವಿ ಎಂದರೆ ಕನ್ನಡದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಉಳಿದಾವು.

ರೀಡ್‌ಮಿ ಬರೆಯಿರಿ

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಸಲ್ಲಬೇಕಾದದ್ದು ಇಲ್ಲಿ, ಎಲ್ಲರೂ ಹಾರಿಸುವುದೂ ಇದನ್ನೇ. ಸಾದಾ ಟೆಕ್ಸ್ಟ್ ಕಡತವೊಂದರಲ್ಲಿ ಪ್ರತಿ ಕಾಲಂನ ಅರ್ಥ, ಅಳತೆಯ ಮಾನ, ಬಳಸಿದ ಉಪಕರಣ ಮತ್ತು ವಿಧಾನ, ಸ್ಯಾಂಪಲ್ ತೆಗೆಯುವ ಮುನ್ನ ಪಂಪನ್ನು ಎಷ್ಟು ನಿಮಿಷ ಓಡಿಸಿದಿರಿ ಎಂಬುದನ್ನು ಬರೆಯಿರಿ. ಖಾಲಿ ಕೋಶದ ಅರ್ಥವನ್ನಂತೂ ಬರೆಯಲೇಬೇಕು. ಬಾವಿ ಬತ್ತಿತ್ತೇ, ಬಾಟಲಿ ಒಡೆಯಿತೇ, ಉಪಕರಣ ಗುರುತಿಸಲಾರದಷ್ಟು ಕಡಿಮೆ ಫ್ಲೋರೈಡ್ ಇತ್ತೇ? ಈ ಮೂರಕ್ಕೂ ಸೊನ್ನೆ ಹಾಕಿದ್ದರೆ ಶೀಟ್ ಸುಳ್ಳು ಹೇಳುತ್ತದೆ. ಬರೆದಾದ ಮೇಲೆ ಕಡತಗಳನ್ನು ಪಕ್ಕದ ಲ್ಯಾಬಿನವರಿಗೆ ಕೊಟ್ಟು, ನಿಮ್ಮನ್ನು ಏನೂ ಕೇಳದೆ ನಿಮ್ಮ ಮುಖ್ಯ ಗ್ರಾಫ್ ಹಾಕಿಕೊಡಲು ಹೇಳಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿಗೆ ಇನ್ನೊಂದು ಸಾಲು ಸೇರಿಸಿ.

ಹೆಸರು ಅಳಿಸಿದರೆ ಸಾಲದು

ರೈತರ ಹೆಸರು, ಮೊಬೈಲ್ ನಂಬರ್ ತೆಗೆಯಬೇಕೆಂಬುದು ಎಲ್ಲರಿಗೂ ಗೊತ್ತು. ಊರಿನ ಹೆಸರಿನ ಜೊತೆ ಸರ್ವೆ ನಂಬರ್ ಬಿಟ್ಟರೆ? ‘ಭೂಮಿ’ ಜಾಲತಾಣದಲ್ಲಿ ಪಹಣಿ ತೆಗೆದರೆ ಮಾಲೀಕರ ಹೆಸರು ಕಣ್ಣೆದುರಿಗೇ ಬರುತ್ತದೆ. ಸಾರ್ವಜನಿಕ ಪ್ರತಿಯಲ್ಲಿ ಬಾವಿಗೆ ಬೇರೆ ಸಂಕೇತ ಕೊಡಿ. ಜಿಪಿಎಸ್ ಅಂಕಿಯನ್ನು ಎರಡು ದಶಮಾಂಶಕ್ಕೆ ಇಳಿಸಿದರೆ ಜಾಗ ಸುಮಾರು ಒಂದು ಕಿಲೋಮೀಟರಿನಷ್ಟು ಮಸುಕಾಗುತ್ತದೆ. ಅಪರೂಪದ ಸಸ್ಯ, ಪ್ರಾಣಿಗಳ ನೆಲೆಯಾದರೆ ಇನ್ನೂ ಹೆಚ್ಚು ಮಸುಕು ಮಾಡಬೇಕು, ಕಳ್ಳಬೇಟೆಯವರಿಗೂ ಇಂಟರ್ನೆಟ್ ಇದೆ. ಮಳೆಯ ಅಂಕಿಗಳನ್ನು ಸರ್ಕಾರಿ ಸಂಸ್ಥೆಯಿಂದ ಪಡೆದಿದ್ದರೆ, ಹಂಚಲು ಅನುಮತಿ ಇದೆಯೇ ನೋಡಿ. ಇಲ್ಲವಾದರೆ ಎಲ್ಲಿ ಸಿಗುತ್ತದೆ ಎಂದಷ್ಟೇ ತಿಳಿಸಿ.

ಎಲ್ಲಿಡುವುದು?

ಗೂಗಲ್ ಡ್ರೈವ್ ಲಿಂಕ್ ಭಂಡಾರವಾಗದು. ಖಾತೆ ಮುಚ್ಚಿದ ದಿನ ಲಿಂಕೂ ಸತ್ತಿತು. ಸೀಕ್ವೆನ್ಸ್ ದತ್ತಾಂಶಕ್ಕೆ ಫರೀದಾಬಾದಿನ ಇಂಡಿಯನ್ ಬಯಾಲಜಿಕಲ್ ಡೇಟಾ ಸೆಂಟರ್ ಇದೆ. ಜೀವಿಗಳು ಎಲ್ಲೆಲ್ಲಿ ಕಂಡವು ಎಂಬ ದಾಖಲೆಗಳು ಜಾಗತಿಕ ಭಂಡಾರವಾದ ಜಿಬಿಐಎಫ್‌ಗೆ ಹೋಗುತ್ತವೆ. ನಮ್ಮ ಫ್ಲೋರೈಡ್ ಶೀಟಿನಂಥದ್ದಕ್ಕೆ ಜೆನೊಡೊ ಸಾಕು. 2013ರಲ್ಲಿ ಶುರುವಾದ ಇದನ್ನು ಜಿನೀವಾ ಬಳಿಯ ಸರ್ನ್ ನಡೆಸುತ್ತಿದೆ. ಶುಲ್ಕವಿಲ್ಲ, ಒಂದು ದಾಖಲೆಗೆ 50 ಜಿಬಿ ತನಕ ಜಾಗ.

ಜೆನೊಡೊದಲ್ಲಿ ಇಮೇಲ್ ಅಥವಾ ಸಂಶೋಧಕರ ಗುರುತಾದ ಆರ್ಕಿಡ್ ಐಡಿಯಿಂದ ಖಾತೆ ತೆರೆಯಿರಿ. ‘ನ್ಯೂ ಅಪ್‌ಲೋಡ್’ ಒತ್ತಿ, ಸಿಎಸ್‌ವಿ ಮತ್ತು ರೀಡ್‌ಮಿ ಎರಡನ್ನೂ ಹಾಕಿ, ಬಗೆ ‘ಡೇಟಾಸೆಟ್’ ಎಂದು ಆರಿಸಿ. ಶೀರ್ಷಿಕೆಯಲ್ಲಿ ಜಿಲ್ಲೆ, ವರ್ಷ, ಅಳೆದದ್ದೇನು ಎಂಬುದೆಲ್ಲ ಇರಲಿ. ‘ಫೈನಲ್ ಡೇಟಾ’ ಎಂದರೆ ಹುಡುಕುವವರ ಕೈಗೆ ಸಿಗುವುದಿಲ್ಲ. ಸ್ಯಾಂಪಲ್ ಹೊತ್ತು ತಂದ ಸಹಾಯಕರ ಹೆಸರನ್ನು ಕೊಡುಗೆದಾರರ ಪಟ್ಟಿಗೆ ಸೇರಿಸಲು ಮರೆಯಬೇಡಿ. ಲೈಸೆನ್ಸ್ ಸಿಸಿ ಬೈ 4.0 ಇಟ್ಟರೆ ಯಾರು ಬೇಕಾದರೂ ಬಳಸಬಹುದು, ನಿಮ್ಮ ಹೆಸರು ಹೇಳಬೇಕು. ಪ್ರಬಂಧ ಅಚ್ಚಾಗುವ ಮೊದಲೇ ಬೇರೆಯವರು ಬಳಸಿಯಾರು ಎಂಬ ಅಳುಕಿದ್ದರೆ ‘ಎಂಬಾರ್ಗೊ’ ಆರಿಸಿ, ತೆರೆಯುವ ತಾರೀಖು ನೀವೇ ಹಾಕಿ.

‘ಪಬ್ಲಿಷ್’ ಒತ್ತುವ ಮೊದಲೇ ದಾಖಲೆಯ ಶಾಶ್ವತ ಗುರುತುಸಂಖ್ಯೆಯಾದ ಡಿಒಐ ಕಾಯ್ದಿರಿಸಬಹುದು. ಆ ಸಂಖ್ಯೆಯನ್ನು ಜರ್ನಲ್‌ಗೆ ಕಳಿಸುವ ಹಸ್ತಪ್ರತಿಯಲ್ಲಿ, ‘ಕೇಳಿದವರಿಗೆ ಕೊಡುತ್ತೇವೆ’ ಎಂದಿದ್ದ ಜಾಗದಲ್ಲೂ ಆಕರಗಳ ಪಟ್ಟಿಯಲ್ಲೂ ಬರೆಯಿರಿ. ಆಮೇಲೆ ಒಂದು ಬಾವಿಯ ರೀಡಿಂಗ್ ತಪ್ಪೆಂದು ತಿಳಿದರೆ ಗಾಬರಿ ಬೇಡ. ‘ನ್ಯೂ ವರ್ಷನ್’ ಒತ್ತಿ ತಿದ್ದಿದ ಶೀಟ್ ಹಾಕಿ, ಯಾವ ಸಾಲು ಏಕೆ ಬದಲಾಯಿತೆಂದು ರೀಡ್‌ಮಿಯಲ್ಲಿ ನಮೂದಿಸಿ. ಹಳೆಯ ಆವೃತ್ತಿ ಅದರ ಪಾಡಿಗೆ ಅದರ ಡಿಒಐ ಜೊತೆಗೇ ಇರುತ್ತದೆ.