ಸಾಲ ಯಾರದು, ಸಹಿ ಯಾರದು?

ಗಂಡ ನೌಕರಿ ಬಿಟ್ಟು ಸ್ವಂತ ಉದ್ಯಮಕ್ಕೆ ಇಳಿದಿದ್ದಾನೆ, ಮನೆ ನಡೆಯುವುದು ಹೆಂಡತಿಯ ಸಂಬಳದಲ್ಲಿ. ವ್ಯಾಪಾರ ನೆಲಕಚ್ಚಿದ ಮೇಲೆ ಫೈನಾನ್ಸಿನವರು ಆಕೆಯ ಆಫೀಸಿಗೇ ಫೋನ್ ಮಾಡುತ್ತಾರೆ: ‘ನಿಮ್ಮ ಯಜಮಾನರ ಸಾಲ ಮೇಡಂ, ನೀವೇ ಕಟ್ಟಬೇಕು.’

ಕಟ್ಟಬೇಕಿಲ್ಲ. ಮದುವೆಯಾದ ಮಾತ್ರಕ್ಕೆ ಗಂಡನ ಸಾಲ ಹೆಂಡತಿಯ ತಲೆಗೆ ಬರುವುದಿಲ್ಲ, ಹೆಂಡತಿಯದೂ ಗಂಡನಿಗೆ ಬರುವುದಿಲ್ಲ. ಆದರೆ ಸಹಸಾಲಗಾರರಾಗಿಯೋ ಜಾಮೀನುದಾರರಾಗಿಯೋ ಸಹಿ ಹಾಕಿದ್ದರೆ ಮಾತೇ ಬೇರೆ. 1872ರ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಒಪ್ಪಂದದಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ. ‘ಸುಮ್ಮನೆ ಫಾರ್ಮಾಲಿಟಿಗೆ’ ಎಂದು ಯಾರಾದರೂ ಕಾಗದ ಮುಂದಿಟ್ಟರೆ ಪೂರ್ತಿ ಓದದೆ ಪೆನ್ನು ಎತ್ತಬೇಡಿ. ಖಾಲಿ ಚೆಕ್ಕಂತೂ ಬೇಡವೇ ಬೇಡ. ಬೌನ್ಸಾದರೆ ಕೇಸು ಬೀಳುವುದು ಸಹಿ ಹಾಕಿದವರ ಮೇಲೆ.

ನಂತರದ ಕಣ್ಣು ಒಡವೆಯ ಮೇಲೆ. ತವರಿನವರು, ಅತ್ತೆಮನೆಯವರು, ನೆಂಟರು ಆಕೆಗೆಂದು ಕೊಟ್ಟದ್ದೆಲ್ಲ ಸ್ತ್ರೀಧನ. ಕೇರಳದ ದಂಪತಿಯೊಂದರ ಪ್ರಕರಣ 2024ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಮದುವೆಯ ಮೊದಲ ರಾತ್ರಿಯೇ ‘ಜೋಪಾನಕ್ಕೆ’ ಎಂದು ಗಂಡ ತೆಗೆದುಕೊಂಡ 89 ಪವನ್ ಚಿನ್ನ ಹಳೆಯ ಸಾಲಗಳಿಗೆ ಕರಗಿಹೋಯಿತೆಂಬುದು ಹೆಂಡತಿಯ ದೂರು. ಸ್ತ್ರೀಧನದಲ್ಲಿ ಗಂಡನಿಗೆ ಪಾಲಿಲ್ಲ, ಕಷ್ಟಕಾಲದಲ್ಲಿ ಬಳಸಿದರೂ ಚಿನ್ನವನ್ನೋ ಅದರ ಬೆಲೆಯನ್ನೋ ಮರಳಿಸುವ ನೈತಿಕ ಹೊಣೆ ಅವನದೇ ಎಂದ ಕೋರ್ಟು 25 ಲಕ್ಷ ರೂಪಾಯಿ ಕೊಡಿಸಿತು. ಮನೆ ಉಳಿಯಲೆಂದು ಬಳೆ ಬಿಚ್ಚಿಕೊಡುವುದು ನಮ್ಮಲ್ಲಿ ಹೊಸದಲ್ಲ, ತಪ್ಪೂ ಅಲ್ಲ. ಕೊಡುವ ಮುನ್ನ ಒಡವೆಯ ಫೋಟೊ, ತೂಕ, ಅಂಗಡಿಯ ಬಿಲ್ಲು, ಗಿರವಿ ಚೀಟಿಯ ನಕಲು ಇಟ್ಟುಕೊಳ್ಳಿ. ಗಂಡ ಮುನಿಸಿಕೊಂಡರೂ ಸರಿಯೇ.

ಸಂಬಳ ಕಿತ್ತುಕೊಳ್ಳುವುದು, ಸ್ತ್ರೀಧನ ಮಾರುವುದು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಆರ್ಥಿಕ ದೌರ್ಜನ್ಯ. ಆತ ಬ್ಯಾಂಕ್ ಲಾಕರನ್ನೋ ಖಾತೆಯನ್ನೋ ಮುಟ್ಟದಂತೆ ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ಒಟ್ಟಿಗೆ ಬಾಳಿದ ಮನೆಯಿಂದ, ಅದು ಯಾರ ಹೆಸರಿನಲ್ಲೇ ಇರಲಿ, ಕಾನೂನಿನ ದಾರಿ ಬಿಟ್ಟು ಆಕೆಯನ್ನು ಹೊರಹಾಕುವಂತಿಲ್ಲ.

ಹೆಂಡತಿ ದುಡಿದು ಗಂಡ ಮನೆಯಲ್ಲಿದ್ದರೆ? ಹಿಂದೂ ವಿವಾಹ ಕಾಯ್ದೆಯ 24 ಮತ್ತು 25ನೇ ಕಲಂಗಳಡಿ ಗಂಡನೂ ಜೀವನಾಂಶ ಕೇಳಬಹುದು. ಮೈಯಲ್ಲಿ ಕಸುವಿದ್ದೂ ಕೈಕಟ್ಟಿ ಕೂತವನಿಗೆ ಅದು ಸುಲಭವಾಗಿ ದಕ್ಕದು. ದುಡಿಯುತ್ತಾಳೆಂಬ ಒಂದೇ ಕಾರಣಕ್ಕೆ ಹೆಂಡತಿಯ ಹಕ್ಕೂ ತಪ್ಪುವುದಿಲ್ಲ. 2020ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಇಬ್ಬರೂ ಆದಾಯ, ಆಸ್ತಿ, ಸಾಲಗಳ ಪ್ರಮಾಣಪತ್ರ ಸಲ್ಲಿಸಲೇಬೇಕು. ಮುಚ್ಚಿಟ್ಟ ಸಾಲಗಳು ಎಷ್ಟೋ ಸಲ ಹೊರಬೀಳುವುದೇ ಆಗ.

ಕೋರ್ಟು ಎಂದರೆ ವಿಚ್ಛೇದನವೇ ಎಂದು ಹೆದರಬೇಕಿಲ್ಲ. ಕೌಟುಂಬಿಕ ನ್ಯಾಯಾಲಯ ಮೊದಲು ರಾಜಿಗೆ ಯತ್ನಿಸಬೇಕೆಂಬುದು ಕಾಯ್ದೆಯಲ್ಲೇ ಇದೆ. ವಕೀಲರ ಶುಲ್ಕದ ಚಿಂತೆಯಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ನೆರವು ಉಚಿತ. ಹೋಗುವಾಗ ಸಾಲದ ಒಪ್ಪಂದದ ಪ್ರತಿ ಕೈಯಲ್ಲಿರಲಿ. ಇಲ್ಲದಿದ್ದರೆ ಸಾಲ ಕೊಟ್ಟವರಿಗೆ ಬರವಣಿಗೆಯಲ್ಲೇ ಕೇಳಿ, ಸ್ವೀಕೃತಿ ಪಡೆಯಿರಿ.