ಟಿಒಡಿ (ಟೈಮ್ ಆಫ್ ಡೇ) ಮೀಟರ್: ಕರೆಂಟಿಗೂ ಹೊತ್ತಿನ ಲೆಕ್ಕ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ನಾಲ್ಕೂ ಬೆಸ್ಕಾಂ ವ್ಯಾಪ್ತಿ (ಕಾರ್ಯಾರಂಭ: 1 ಜೂನ್ 2002). ಗಮನಿಸಿ: ಬಿಲ್ ಕೊಡುವುದು ಬೆಸ್ಕಾಂ, ದರ ನಿಗದಿ ಮಾಡುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ. ಇವೆರಡನ್ನು ಅದಲುಬದಲು ಮಾಡಿ ಕೇಳುವುದು ಪ್ರಶ್ನೆಪತ್ರಿಕೆಯ ಹಳೇ ಚಾಳಿ.

ಟಿಒಡಿ ಮೀಟರಿನೊಳಗೊಂದು ಗಡಿಯಾರ, ಕರೆಂಟ್ ಹೋದರೂ ಬ್ಯಾಟರಿ ಬಲದಲ್ಲಿ ಓಡುತ್ತದೆ. ಹೊತ್ತು ಬದಲಾದಂತೆ ಯೂನಿಟ್‌ಗಳು ಬೇರೆ ಬೇರೆ ರಿಜಿಸ್ಟರ್‌ಗೆ ಸೇರುತ್ತವೆ. ಗುಂಡಿ ಒತ್ತಿದರೆ ಪರದೆಯ ಮೇಲೆ ಒಂದೊಂದೇ ಬರುತ್ತವೆ. ಈ ತಿಂಗಳ ರೀಡಿಂಗ್‌ನಲ್ಲಿ ಹಿಂದಿನದನ್ನು ಕಳೆದರೆ ಆ ಹೊತ್ತಿನ ಬಳಕೆ ಸಿಕ್ಕಿತು.

ರಾಜ್ಯದ ಎಚ್‌ಟಿ (ಹೈ ಟೆನ್ಷನ್) ಗ್ರಾಹಕರಿಗೆ ಬಹುಕಾಲ ಇದ್ದ ಮಾದರಿ:
• ಸಂಜೆ 6–10: ಯೂನಿಟ್‌ಗೆ 1 ರೂ. ಹೆಚ್ಚು
• ರಾತ್ರಿ 10–ಬೆಳಿಗ್ಗೆ 6: 1 ರೂ. ಕಡಿಮೆ

ಅಂದರೆ ಈ ಮಾದರಿಯಲ್ಲಿ ಮಾಲೂರಿನ ಕಾರ್ಖಾನೆಯೊಂದು ಸಂಜೆಯ 500 ಯೂನಿಟ್ ಕೆಲಸವನ್ನು ರಾತ್ರಿ ಪಾಳಿಗೆ ತಳ್ಳಿದರೆ ಉಳಿತಾಯ 500 ಅಲ್ಲ, 1,000 ರೂ.! (ಯೂನಿಟ್‌ಗೆ ಹೆಚ್ಚುವರಿ 1 ರೂ. ತಪ್ಪಿತು, ರಿಯಾಯಿತಿ 1 ರೂ. ಸಿಕ್ಕಿತು.)

ಕೇಂದ್ರದ ತಿದ್ದುಪಡಿ ನಿಯಮ, 2023: 10 ಕಿಲೋವ್ಯಾಟ್ ಮೀರಿದ ಬೇಡಿಕೆಯ ವಾಣಿಜ್ಯ, ಕೈಗಾರಿಕಾ ಗ್ರಾಹಕರಿಗೆ 1 ಏಪ್ರಿಲ್ 2024ರೊಳಗೆ, ಉಳಿದವರಿಗೆ 1 ಏಪ್ರಿಲ್ 2025ರೊಳಗೆ ಟಿಒಡಿ ದರ. ಸೌರ ಹೊತ್ತಿನಲ್ಲಿ (ಬಿಸಿಲಿರುವ ಹಗಲಿನ ವೇಳೆ) ದರ ಸಾಮಾನ್ಯಕ್ಕಿಂತ ಕನಿಷ್ಠ ಶೇ 20 ಕಡಿಮೆ. ಕೃಷಿಗೆ ವಿನಾಯಿತಿ, ಶ್ರೀನಿವಾಸಪುರದ ಮಾವಿನ ತೋಟದ ಪಂಪ್‌ಸೆಟ್ ಇದರೊಳಗೆ ಬರದು.

ಗೊಂದಲ ಬೇಡ: ಸ್ಲ್ಯಾಬ್ ನೋಡುವುದು ‘ಎಷ್ಟು’ ಬಳಸಿದಿರಿ ಎಂದು, ಟಿಒಡಿ ನೋಡುವುದು ‘ಯಾವಾಗ’ ಎಂದು. ಕಿಲೋವ್ಯಾಟ್ ಬೇಡಿಕೆಯ ಅಳತೆ, ಕಿಲೋವ್ಯಾಟ್-ಅವರ್ ಬಳಕೆಯದು. 1 ಯೂನಿಟ್ ಎಂದರೆ ಎರಡನೆಯದು.

ಕೋಲಾರ ಜಿಲ್ಲೆಯ ಮೇಲೆ ಖಾಯಂ ಪ್ರಶ್ನೆ: ಶಿವನಸಮುದ್ರದಿಂದ ಕೆಜಿಎಫ್ ಚಿನ್ನದ ಗಣಿಗೆ ವಿದ್ಯುತ್ ಬಂದದ್ದು 1902ರಲ್ಲಿ, ಬೆಂಗಳೂರಿಗಿಂತ ಮೊದಲೇ.