ಪಾರ್ಕಿಂಗ್ ಜಾಗದಲ್ಲಿ ಡಿಕ್ಕಿಯಾದರೆ ತಪ್ಪು ಯಾರದು, ಮಾಡಬೇಕಾದ್ದೇನು?

ಭಾನುವಾರ ಸಂಜೆ, ಮಾಲ್‌ನ ನೆಲಮಾಳಿಗೆ. ಒಂದು ಕಾರು ರಿವರ್ಸ್ ಬರುತ್ತಿದೆ, ಇನ್ನೊಂದು ಖಾಲಿ ಜಾಗ ಹುಡುಕುತ್ತ ಮುಂದೆ ಸಾಗುತ್ತಿದೆ. ಢಬ್ ಎಂಬ ಸದ್ದು, ಆಮೇಲೆ ಮಾತಿಗೆ ಮಾತು. ಹಿಂದಿನವರ ಹಾರ್ನ್ ತಾಳಲಾರದೆ ಇಬ್ಬರೂ ಕಾರು ಪಕ್ಕಕ್ಕೆ ತೆಗೆಯುತ್ತಾರೆ. ತಪ್ಪು ಯಾರದೆಂದು ತೋರಿಸಬಹುದಾಗಿದ್ದ ಮುಖ್ಯ ಸಾಕ್ಷ್ಯ ಅಲ್ಲಿಗೆ ಹೋಯಿತು.

‘ಇದು ಖಾಸಗಿ ಜಾಗ, ಇಲ್ಲಿ ಟ್ರಾಫಿಕ್ ಕಾನೂನು ಇಲ್ಲ’ ಎಂದು ವಾದಿಸುವವರು ಎಲ್ಲೆಡೆ ಸಿಗುತ್ತಾರೆ. ಆದರೆ 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ, ಸಾರ್ವಜನಿಕರಿಗೆ ಪ್ರವೇಶದ ಹಕ್ಕಿರುವ ಯಾವುದೇ ಜಾಗ ‘ಸಾರ್ವಜನಿಕ ಸ್ಥಳ’ವೇ. ಇನ್ನು ನಿರ್ಲಕ್ಷ್ಯದಿಂದ ಆದ ನಷ್ಟ ತುಂಬಿಕೊಡುವ ಹೊಣೆಗೆ ಸ್ವಂತ ಕಾಂಪೌಂಡೂ ಹೊರತಲ್ಲ.

1. ನಿಲ್ಲಿಸುವಾಗ

2017ರ ವಾಹನ ಚಾಲನಾ ನಿಯಮಗಳಂತೆ ಫುಟ್‌ಪಾತ್, ಜೀಬ್ರಾ ಪಟ್ಟಿ, ರಸ್ತೆ ತಿರುವು, ಬಸ್ ನಿಲ್ದಾಣದ ಬಳಿ ಹಾಗೂ ಇನ್ನೊಬ್ಬರ ಗೇಟಿಗೆ ಅಡ್ಡ ವಾಹನ ನಿಲ್ಲಿಸುವಂತಿಲ್ಲ. ಚಾಲಕ ಇಳಿದು ಹೋಗುವುದಾದರೆ ಎಂಜಿನ್ ಆರಿಸಿ ಬ್ರೇಕ್ ಹಾಕಿರಲೇಬೇಕು ಎನ್ನುತ್ತದೆ ಕಾಯ್ದೆಯ 126ನೇ ಸೆಕ್ಷನ್. ಇಳಿಜಾರಿನ ರ‍್ಯಾಂಪ್‌ನಲ್ಲಿ ಹ್ಯಾಂಡ್‌ಬ್ರೇಕ್ ಮರೆತ ಕಾರು ತಾನಾಗಿ ಉರುಳಿದರೂ ಹೊಣೆ ನಿಲ್ಲಿಸಿದವರದೇ.

2. ತಪ್ಪು ತೂಗುವಾಗ

ಸರಿಯಾಗಿ ನಿಂತಿದ್ದ ವಾಹನಕ್ಕೆ ಚಲಿಸುತ್ತಿದ್ದದ್ದು ಗುದ್ದಿದರೆ, ಸಾಮಾನ್ಯವಾಗಿ ತಪ್ಪು ಚಲಿಸುತ್ತಿದ್ದವರದು. ರಿವರ್ಸ್ ಬರುವವರ ಮೇಲೆ ಹೆಚ್ಚು ಎಚ್ಚರದ ಹೊಣೆ ಇರುತ್ತದೆ; ‘ಕನ್ನಡಿಯಲ್ಲಿ ಕಾಣಲಿಲ್ಲ’ ಎಂಬುದು ಸಮರ್ಥನೆಯಾಗದು. ಇಬ್ಬರೂ ಏಕಕಾಲಕ್ಕೆ ಹಿಂದೆ ಬಂದಿದ್ದರೆ ತಪ್ಪು ಹಂಚಿಕೆಯಾಗುವ ಸಾಧ್ಯತೆಯೇ ಹೆಚ್ಚು. ನೋಡದೆ ಬಾಗಿಲು ತೆರೆದು ಪಕ್ಕದ ಕಾರಿಗೆ ಗೀರು ಬಿದ್ದರೆ, ತೆರೆದವರೇ ಉತ್ತರಿಸಬೇಕು.

ನಿಂತಿತ್ತು ಎಂಬ ಮಾತ್ರಕ್ಕೆ ಯಾವ ವಾಹನವೂ ನಿರಪರಾಧಿಯಲ್ಲ. ಹೆದ್ದಾರಿಯಲ್ಲಿ ದೀಪ, ಸೂಚನೆ ಏನೂ ಇಲ್ಲದೆ ಬಿಟ್ಟುಹೋಗಿದ್ದ ಟ್ರಕ್‌ಗೆ ಕಾರು ಡಿಕ್ಕಿ ಹೊಡೆದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರಲ್ಲಿ ಟ್ರಕ್ ಕಡೆಯವರನ್ನೇ ಹೊಣೆ ಮಾಡಿತು. ಬೇಸ್‌ಮೆಂಟಿನ ತಿರುವಿನಲ್ಲಿ ಅಡ್ಡ ನಿಲ್ಲಿಸಿ ಹೋಗುವವರೂ ಈ ತತ್ವವನ್ನು ನೆನಪಿಡಬೇಕು.

3. ಡಿಕ್ಕಿಯಾದ ಕೂಡಲೇ

ಯಾರಿಗಾದರೂ ಪೆಟ್ಟಾಗಿದ್ದರೆ ಮೊದಲು ಆಸ್ಪತ್ರೆ. ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು ಮತ್ತು 24 ಗಂಟೆಯೊಳಗೆ ಪೊಲೀಸರಿಗೆ ವರದಿ ಮಾಡುವುದು 134ನೇ ಸೆಕ್ಷನ್ ಪ್ರಕಾರ ಚಾಲಕನ ಕರ್ತವ್ಯ.

ಬರೀ ಬಂಪರ್, ಬಾಗಿಲಿನ ಹಾನಿಯಾಗಿದ್ದರೆ ವಾಹನ ಕದಲಿಸುವ ಮುನ್ನ ಫೋಟೊ ತೆಗೆಯಬೇಕು. ಎರಡೂ ನಂಬರ್ ಪ್ಲೇಟ್, ನೆಲದ ಗೆರೆ, ಬಾಣದ ಗುರುತು, ಚಕ್ರ ತಿರುಗಿರುವ ದಿಕ್ಕು ಎಲ್ಲವೂ ಚಿತ್ರದಲ್ಲಿರಲಿ. ಎದುರಿನವರ ಹೆಸರು, ಮೊಬೈಲ್ ಸಂಖ್ಯೆ, ವಿಮಾ ಕಂಪನಿಯ ವಿವರ ಬರೆದುಕೊಳ್ಳಬೇಕು. ಸಿಸಿಟಿವಿಯ ಹಳೆಯ ದೃಶ್ಯಗಳು ತಾವಾಗಿ ಅಳಿಸಿಹೋಗುತ್ತವೆ. ಆದ್ದರಿಂದ ದೃಶ್ಯ ಉಳಿಸಿಡುವಂತೆ ಜಾಗದ ನಿರ್ವಾಹಕರಿಗೆ ಅಂದೇ ಲಿಖಿತ ಮನವಿ ಕೊಡುವುದು ಲೇಸು.

4. ವಿಮೆ ಕೇಳುವ ಮುನ್ನ

ಕಡ್ಡಾಯವಾದ ಥರ್ಡ್ ಪಾರ್ಟಿ ವಿಮೆ ಎದುರಿನವರ ನಷ್ಟಕ್ಕಷ್ಟೇ. ಸ್ವಂತ ವಾಹನದ ರಿಪೇರಿಗೆ ಸ್ವಂತ ಹಾನಿಯ ಪಾಲಿಸಿ ಬೇಕು. ಸಣ್ಣ ಡೆಂಟ್ ಆದರೆ ಲೆಕ್ಕ ಹಾಕಿ ನೋಡಬೇಕು. 1500 ಸಿಸಿ ಒಳಗಿನ ಕಾರಿಗೆ ಕಡ್ಡಾಯ ಕಡಿತ 1000 ರೂಪಾಯಿ. ರಿಪೇರಿಗೆ 4000 ಆದರೆ ಹೆಚ್ಚೆಂದರೆ 3000 ಬರುತ್ತದೆ. ಸ್ವಂತ ಹಾನಿಯ ಪ್ರೀಮಿಯಂ 8000 ಇದ್ದು, ಕ್ಲೇಮ್ ಮಾಡದ್ದಕ್ಕೆ ಸಿಗುವ ಬೋನಸ್ ಶೇಕಡಾ 50 ತಲುಪಿದ್ದರೆ, ಮುಂದಿನ ವರ್ಷ ಕಳೆದುಕೊಳ್ಳುವುದು 4000!

5. ಕೀ ಒಪ್ಪಿಸುವಾಗ

‘ವಾಹನಗಳಿಗೆ ಮಾಲೀಕರೇ ಜವಾಬ್ದಾರರು’ ಎಂಬ ಫಲಕ ಕೊನೆಯ ಮಾತಲ್ಲ. 1998ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲ್‌ನಲ್ಲಿ ಸಿಬ್ಬಂದಿಗೆ ಕೀ ಕೊಟ್ಟು ಒಳಹೋದ ಅತಿಥಿಯ ಮಾರುತಿ ಜೆನ್ ಕಳುವಾಯಿತು. ಪಾರ್ಕಿಂಗ್ ಚೀಟಿಯಲ್ಲಿ ಇಂಥದೇ ಷರತ್ತಿತ್ತು. 2019ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್‌ನ ತೀರ್ಪು ಬರೆದವರು ಕರ್ನಾಟಕದವರೇ ಆದ ನ್ಯಾಯಮೂರ್ತಿ ಮೋಹನ ಶಾಂತನಗೌಡರ. ವಾಹನವನ್ನು ವಶಕ್ಕೆ ಪಡೆದ ಹೋಟೆಲ್, ತನ್ನ ನಿರ್ಲಕ್ಷ್ಯಕ್ಕೆ ಚೀಟಿಯ ಷರತ್ತನ್ನು ಗುರಾಣಿ ಮಾಡಿಕೊಳ್ಳುವಂತಿಲ್ಲ ಎಂದು ಪೀಠ ಹೇಳಿತು.

ಹಾಗಾಗಿ ಕೀ ಕೊಡುವ ಮುನ್ನ ಕಾರಿನ ನಾಲ್ಕೂ ಬದಿಯ ಫೋಟೊ ತೆಗೆದು, ಚೀಟಿಯನ್ನು ಜೋಪಾನವಾಗಿಟ್ಟುಕೊಳ್ಳಬೇಕು. ವಾಪಸು ಪಡೆಯುವಾಗ ಹೊಸ ಗೀರು ಕಂಡರೆ ಹೊರಡುವ ಮೊದಲೇ ಮ್ಯಾನೇಜರ್‌ಗೆ ತೋರಿಸಿ, ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ಸರಿಯಾದ ಉತ್ತರ ಸಿಗದಿದ್ದರೆ ಈ ಕಾಗದಗಳೊಂದಿಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು.